ಸೀಸೆಯ ಗೋಡೆಗೆ ಅಂಟುವ ಔಷಧ

ಗೋಕಾಕದಲ್ಲಿ ಕರದಂಟು ಮಾಡಬಲ್ಲವರು ಬಿಸಿ ಪಾಕವನ್ನು ಸುರಿಯುವ ಮೊದಲು ತಟ್ಟೆಗೆ ತುಪ್ಪ ಸವರಲು ಮರೆಯುವುದಿಲ್ಲ. ಮರೆತರೆ ಪಾಕದ ಒಂದು ಪಾಲು ತಟ್ಟೆಗೇ ಸಲ್ಲುತ್ತದೆ. ಅದೇ ಊರಿನಲ್ಲಾಗಲಿ, ನೆರೆಯ ಮೂಡಲಗಿ, ಹುಕ್ಕೇರಿಗಳಲ್ಲಾಗಲಿ ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುವ ಮಧುಮೇಹಿಗಳು ತಮ್ಮ ಕೈಯಲ್ಲಿರುವ ಪುಟ್ಟ ಸೀಸೆಗೂ ಇಂಥದೊಂದು ತೊಡಕು ಉಂಟೆಂದು ಊಹಿಸಿರಲಾರರು.

1921ರಲ್ಲಿ ಕೆನಡಾದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಇನ್ಸುಲಿನ್ನನ್ನು ಕಂಡುಹಿಡಿದರು. ಮರುವರ್ಷದ ಜನವರಿಯಲ್ಲಿ ಅದು ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಬಾಲಕನ ಪ್ರಾಣ ಉಳಿಸಿತು. ಮೊದಲು ದನ, ಹಂದಿಗಳ ಗ್ರಂಥಿಗಳಿಂದ ತೆಗೆಯುತ್ತಿದ್ದ ಈ ಔಷಧವನ್ನು ಈಗ ಸೂಕ್ಷ್ಮಜೀವಿಗಳೇ ತಯಾರಿಸಿಕೊಡುತ್ತವೆ. ಬೆಂಗಳೂರಿನ ಬಯೋಕಾನ್ ಸಂಸ್ಥೆ 2004ರಲ್ಲಿ ಯೀಸ್ಟಿನ ನೆರವಿನಿಂದ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು.

ಉಪ್ಪು ನೀರಿನಲ್ಲಿ ಕರಗಿ ಸುಮ್ಮನಿರುವಂತೆ ಇನ್ಸುಲಿನ್ ಸುಮ್ಮನಿರುವುದಿಲ್ಲ. ಅದೊಂದು ಪ್ರೋಟೀನು, ಉದ್ದನೆಯ ಸರವನ್ನು ಮಡಿಸಿಟ್ಟಂತೆ ಅದರ ರಚನೆ. ನೀರನ್ನು ಒಲ್ಲದ ಭಾಗಗಳು ಬಹುಮಟ್ಟಿಗೆ ಮಡಿಕೆಯೊಳಗೆ ಅಡಗಿರುತ್ತವೆ. ಗಾಜು, ಪ್ಲಾಸ್ಟಿಕ್ ಅಥವಾ ಗಾಳಿಯ ಗುಳ್ಳೆ ಸೋಕಿದಲ್ಲಿ ಕೆಲವು ಕಣಗಳು ಅಂಟಿಕೊಳ್ಳುತ್ತವೆ, ಮಡಿಕೆ ಬಿಚ್ಚುತ್ತವೆ. ಬಿಚ್ಚಿದವು ಒಂದನ್ನೊಂದು ಹಿಡಿದು ಎಳೆಗಟ್ಟುತ್ತವೆ. ಶಾಖವೂ ಕುಲುಕಾಟವೂ ಇದಕ್ಕೆ ಇಂಬು ಕೊಡುತ್ತವೆ. ಎಳೆಗಟ್ಟಿದ ಇನ್ಸುಲಿನ್ ರಕ್ತದ ಸಕ್ಕರೆಯನ್ನು ಇಳಿಸಲಾರದು.

ಸೀಸೆಯಲ್ಲಿ ಔಷಧ ದಟ್ಟವಾಗಿರುವುದರಿಂದ ಗೋಡೆಗೆ ಅಂಟಿ ಹೋಗುವ ಪಾಲು ಅತ್ಯಲ್ಪ. ಆಸ್ಪತ್ರೆಯಲ್ಲಿ ಅದನ್ನು ಸಲೈನಿನಲ್ಲಿ ಬೆರೆಸಿ ಹನಿಹನಿಯಾಗಿ ಕೊಡುವಾಗ ಮಾತು ಬೇರೆ. ಆಗ ಕೊಳವೆಯೇ ಮೊದಲು ತನ್ನ ಪಾಲನ್ನು ಹೀರಿಕೊಳ್ಳುತ್ತದೆ. ಆದುದರಿಂದಲೇ ಬಲ್ಲ ದಾದಿಯರು ಮೊದಲ ಸ್ವಲ್ಪ ದ್ರವವನ್ನು ಕೊಳವೆಯಲ್ಲಿ ಹರಿಸಿ ಚೆಲ್ಲಿ, ಅದರ ಗೋಡೆಯನ್ನು ತಣಿಸಿದ ನಂತರವೇ ರೋಗಿಗೆ ಜೋಡಿಸುವರು.

ಹಾಗಾದರೆ ತಟ್ಟೆಗೆ ತುಪ್ಪ ಸವರಿದಂತೆ ಇಲ್ಲಿಯೂ ಏನಾದರೂ ಸವರಬಾರದೇ? ಸಿರಿಂಜಿನ ಒಳಗೋಡೆಗೆ ಸಿಲಿಕೋನ್ ಎಣ್ಣೆಯನ್ನು ಸವರುವುದುಂಟು. ಆದರೆ ಅದು ದಟ್ಟೆ ಸಲೀಸಾಗಿ ಜಾರಲೆಂದು. ಆ ಎಣ್ಣೆಯ ಹನಿಗಳೇ ಪ್ರೋಟೀನುಗಳನ್ನು ಗಂಟುಕಟ್ಟಿಸಬಲ್ಲವೆಂಬುದು ಬಳಿಕ ತಿಳಿಯಿತು. ಒಂದು ತೊಡಕನ್ನು ನೀಗಲು ಹೋಗಿ ಇನ್ನೊಂದನ್ನು ತಂದುಕೊಂಡಂತಾಯಿತು.

ಇದು ಎಷ್ಟು ಗಂಭೀರವಾದೀತೆಂಬುದಕ್ಕೆ ಎರಿತ್ರೊಪೊಯೆಟಿನ್ ಎಂಬ ಔಷಧದ ಕಥೆ ಸಾಕ್ಷಿ. ಮೂತ್ರಪಿಂಡ ಕೆಟ್ಟವರಲ್ಲಿ ರಕ್ತ ಹೆಚ್ಚಿಸಲು ಇದನ್ನು ಚುಚ್ಚುವರು. 1998ರಲ್ಲಿ ಯೂರೋಪಿನಲ್ಲಿ ಮಾರಾಟವಾಗುತ್ತಿದ್ದ ಒಂದು ತಯಾರಿಕೆಯ ಸೂತ್ರವನ್ನು ಬದಲಿಸಿದರು. ಅನಂತರದ ವರ್ಷಗಳಲ್ಲಿ ಕೆಲವು ರೋಗಿಗಳ ದೇಹ ಆ ಔಷಧದ ಮೇಲೆಯೂ ತನ್ನದೇ ಎರಿತ್ರೊಪೊಯೆಟಿನ್ ಮೇಲೆಯೂ ತಿರುಗಿಬಿದ್ದಿತು. ಕೆಂಪು ರಕ್ತಕಣಗಳ ಉತ್ಪತ್ತಿಯೇ ನಿಂತಿತು. ಹೊಸ ದ್ರಾವಣವು ಸಿರಿಂಜಿನ ರಬ್ಬರಿನಿಂದ ಕೆಲವು ಪದಾರ್ಥಗಳನ್ನು ಸೆಳೆದುಕೊಂಡಿತೆಂದು ಒಂದು ತಂಡದ ವಾದ.  ರಬ್ಬರಿಗೆ ಲೇಪನ ಕೊಟ್ಟು, ಚರ್ಮದಡಿ ಚುಚ್ಚುವುದನ್ನು ಬಿಟ್ಟು ನಾಳಕ್ಕೇ ಕೊಡತೊಡಗಿದ ಮೇಲೆ ಹಾವಳಿ ತಗ್ಗಿತು. ಈಗ ಇಂಥ ಔಷಧವನ್ನು ಅದರ ಸೀಸೆ, ಬಿರಡೆ, ಸೂಜಿಗಳೊಡನೆಯೇ ತಿಂಗಳುಗಟ್ಟಲೆ ಇಟ್ಟು ಪರೀಕ್ಷಿಸುವರು.

ಗೃಹಿಣಿಯರಿಗೆ ಇದರಿಂದ ದೊರೆಯುವ ಪಾಠ ಸರಳ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯ ತಂಪಿನಲ್ಲಿರಲಿ. ಹೆಪ್ಪುಗಟ್ಟಿದರೆ ಮಾತ್ರ ಅದು ಕೆಟ್ಟಂತೆಯೇ. ಫ್ರಿಜ್ ಇಲ್ಲದ ಮನೆಯಲ್ಲಿ ಬೇಸಿಗೆಯ ದಿನಗಳಿಗೆ ನೀರು ಜಿನುಗುವ ಮಣ್ಣಿನ ಗಡಿಗೆ ಆಸರೆ. ಸೀಸೆಯನ್ನು ನೀರು ತಾಗದಂತೆ ಡಬ್ಬಿಯಲ್ಲಿಟ್ಟು ಒಳಗಿರಿಸಬೇಕು. ಬಸ್ಸಿನಲ್ಲಿ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಬಿಳಿಯ ಬಗೆಯ ಇನ್ಸುಲಿನ್ನನ್ನು ಕುಲುಕದೆ ಅಂಗೈಗಳ ನಡುವೆ ಮೆಲ್ಲನೆ ಉರುಳಿಸಬೇಕು. ತಿಳಿಯಾಗಿರಬೇಕಾದದ್ದು ಮಸುಕಾದರೆ, ಅಥವಾ ಸೀಸೆಯ ಗೋಡೆಗೆ ಮಂಜು ಹಿಡಿದಂತೆ ಕಂಡರೆ, ಅದನ್ನು ಬಳಸದೆ ವೈದ್ಯರನ್ನು ಕೇಳಬೇಕು.

ತಟ್ಟೆಗೆ ಅಂಟಿದ ಕರದಂಟನ್ನು ಮಕ್ಕಳು ಕೆರೆದು ತಿಂದಾರು. ಸೀಸೆಗೆ ಅಂಟಿದ ಔಷಧವನ್ನು ಮರಳಿ ಪಡೆಯುವ ಬಗೆಯಿಲ್ಲ.