ಶ್ರವಣಶಾಸ್ತ್ರದ ಅಧ್ಯಯನವೂ ಅಧ್ಯಾಪನವೂ

ಪ್ರತ್ಯೇಕ ಪೀಠವಿಲ್ಲದ ಶಾಸ್ತ್ರವನ್ನು ವ್ಯಾಸಂಗಮಾಡುವವರಿಗೆ ಆಶ್ರಯವೆಲ್ಲಿ ಎಂಬ ಪ್ರಶ್ನೆಗೆ ಗೆಯೋರ್ಗ್ ಫಾನ್ ಬೇಕೇಶಿಯವರ ಜೀವಿತವು ಸಮಾಧಾನವನ್ನು ಕೊಡುತ್ತದೆ. 1899ರಲ್ಲಿ ಬುಡಾಪೆಸ್ಟಿನಲ್ಲಿ ಜನಿಸಿದ ಇವರು, 1923ರಲ್ಲಿ ಭೌತಶಾಸ್ತ್ರದಲ್ಲಿ ಡಾಕ್ಟರ್ ಪದವಿಯನ್ನು ಪಡೆದು, ಹಂಗೇರಿಯ ಅಂಚೆಯಿಲಾಖೆಯ ಪ್ರಯೋಗಶಾಲೆಯನ್ನು ಸೇರಿದರು. ಟೆಲಿಫೋನನ್ನು ಸುಧಾರಿಸಬೇಕಾದರೆ ಕಿವಿಯ ಸ್ವರೂಪವನ್ನು ಅರಿಯಬೇಕಾಯಿತು. ಮೃತರ ಕರ್ಣಗಳನ್ನು ಪರೀಕ್ಷಿಸಿ, ಶಬ್ದವು ಒಳಗಿವಿಯ ಶಂಖದಲ್ಲಿರುವ ಪೊರೆಯ ಮೇಲೆ ತರಂಗರೂಪವಾಗಿ ಸಾಗುವುದೆಂದೂ, ತಾರಸ್ವರವು ಅದರ ಬುಡದಲ್ಲಿಯೂ ಮಂದ್ರಸ್ವರವು ತುದಿಯಲ್ಲಿಯೂ ಅಧಿಕ ಸ್ಪಂದನವನ್ನುಂಟುಮಾಡುವುದೆಂದೂ ನಿರ್ಣಯಿಸಿದರು. ಬುಡಾಪೆಸ್ಟಿನಲ್ಲಿ ಭೌತಶಾಸ್ತ್ರವನ್ನು ಬೋಧಿಸಿದ ಇವರಿಗೆ 1961ರಲ್ಲಿ ನೊಬೆಲ್ ಪಾರಿತೋಷಕವು ದೊರೆತದ್ದು ಶಾರೀರ-ವೈದ್ಯಶಾಸ್ತ್ರಗಳ ವಿಭಾಗದಲ್ಲಿ. ಇಂದ್ರಿಯವಿಜ್ಞಾನದ ಹೆಸರಿನ ಪೀಠವು ಹವಾಯಿ ವಿಶ್ವವಿದ್ಯಾನಿಲಯದಲ್ಲಿ ಲಭಿಸಿದುದು 1966ರಲ್ಲಿ. ಸಜೀವ ಕರ್ಣದಲ್ಲಿ ಸ್ವರವಿವೇಕವು ಇನ್ನೂ ಸೂಕ್ಷ್ಮವೆಂದು ಅನಂತರದ ಸಂಶೋಧಕರು ತೋರಿಸಿದ್ದಾರೆ. ಶ್ರವಣಾನಂತರ ಮನನವೆಂಬ ಕ್ರಮವು ಈ ಶಾಸ್ತ್ರಕ್ಕೂ ಸಲ್ಲುತ್ತದೆ.