ಬೆಳವಡಿಯ ದೇಸಾಯಿಣಿ

ಸುಗ್ಗಿಯ ದಿನಗಳಲ್ಲಿ ಎತ್ತಿನ ಮೇಲೆ ಕುಳಿತು ಬರುವ ಹೆಳವ, ಒಕ್ಕಲು ಮನೆಗಳ ವಂಶಾವಳಿ ಹೇಳಿ ಕಾಳು ಪಡೆಯುವುದು ಉತ್ತರ ಕರ್ನಾಟಕದ ಹಳೆಯ ವಾಡಿಕೆ. ಮೂಲ ಊರು, ಬೆಡಗು, ತಲೆಮಾರುಗಳೆಲ್ಲ ಅವನ ನಾಲಿಗೆಯ ಮೇಲೆ. ಆದರೆ ವಂಶದ ಎಳೆ ಸಾಗುವುದು ತಂದೆಯಿಂದ ಮಗನಿಗೆ. ಹಾಗಾದರೆ ಮನೆತನವನ್ನು ಉಳಿಸಿದ ಹೆಣ್ಣಿನ ನೆನಪು ಎಲ್ಲಿ ಉಳಿಯುತ್ತದೆ? ಉಗರಗೋಳದ ನೆರೆಸೀಮೆಯಾದ ಬೈಲಹೊಂಗಲ ಭಾಗದ ಬೆಳವಡಿ ಮಲ್ಲಮ್ಮನ ಕಥೆ ಇದಕ್ಕೆ ಉತ್ತರ ಕೊಡುತ್ತದೆ.

ದಕ್ಷಿಣದ ದಂಡಯಾತ್ರೆ ಮುಗಿಸಿ ಮರಳುತ್ತಿದ್ದ ಶಿವಾಜಿಯ ಸೈನ್ಯ 1678ರಲ್ಲಿ ಬೆಳವಡಿಗೆ ಮುತ್ತಿಗೆ ಹಾಕಿತು. ಸೈನ್ಯದ ಹೇರೆತ್ತುಗಳನ್ನು ಬೆಳವಡಿಯವರು ಹಿಡಿದದ್ದೇ ಕಾರಣವೆಂದು ಮರಾಠರ ಕಡೆಯ ವಿವರಣೆ. ಗಂಡ ಈಶಪ್ರಭು ಮಡಿದ ಮೇಲೂ ಮಲ್ಲಮ್ಮ ಕಾಳಗ ನಿಲ್ಲಿಸಲಿಲ್ಲವೆಂದು ಕನ್ನಡ ಐತಿಹ್ಯ. ಆ ವರ್ಷದ ಫೆಬ್ರವರಿಯಲ್ಲಿ ರಾಜಾಪುರದ ಇಂಗ್ಲಿಷ್ ಕೋಠಿಯವರು ಬರೆದ ಕಾಗದವೂ ಇದೆ: ಅಷ್ಟೊಂದು ರಾಜ್ಯಗಳನ್ನು ಗೆದ್ದವನಿಗೆ ಒಬ್ಬ ದೇಸಾಯಿಣಿ ಮಣಿಯುತ್ತಿಲ್ಲ ಎಂಬುದು ಅದರ ಸಾರ. ಕೊನೆಗೆ ಕೋಟೆ ಬಿತ್ತು.

ಕಾಗದದಲ್ಲಿ ಆಕೆಗೆ ಹೆಸರಿಲ್ಲ. ಮರಾಠಿ ಬರಹಗಳಲ್ಲಿ ಆಕೆ ಸಾವಿತ್ರಿ. ಊರವರ ಬಾಯಲ್ಲಿ ಮಲ್ಲಮ್ಮ.

ಧಾರವಾಡದ ಬಳಿಯ ಯಾದವಾಡದಲ್ಲಿ ಒಂದು ಕೆತ್ತನೆಯ ಕಲ್ಲಿದೆ. ಅದರಲ್ಲಿ ಶಿವಾಜಿಯ ತೊಡೆಯ ಮೇಲೊಂದು ಮಗು, ಜೊತೆಗೆ ಹಾಲಿನ ಬಟ್ಟಲು. ಅದು ಮಲ್ಲಮ್ಮನ ಕೂಸು, ಸೀಮೆಯನ್ನು ಮರಳಿಸಿದ ನೆನಪಿಗೆ ಆಕೆಯೇ ಕೆತ್ತಿಸಿದ್ದು ಎಂದು ಜನರ ನಂಬಿಕೆ. ವಂಶಾವಳಿಯಲ್ಲಿ ಹೆಣ್ಣಿಗೆ ಸಿಗದ ಜಾಗವನ್ನು ಇಲ್ಲಿ ಜನರೇ ಕೊಟ್ಟಿದ್ದಾರೆ: ರಾಣಿಯಾಗಿ ಅಷ್ಟೇ ಅಲ್ಲ, ಮನೆತನ ಉಳಿಸಿದ ತಾಯಿಯಾಗಿ.