ಅರ್ಧದಲ್ಲಿ ನಿಲ್ಲಿಸುವ ವಿದ್ಯೆ

ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಹದಕ್ಕೆ ಬರುವಾಗ ಒಲೆಯ ಉರಿ ತೆಗೆದರಷ್ಟೇ ಸಾಲದು. ಕಾದ ಲೋಹದ ಬಿಸಿ ಪಾಕವನ್ನು ಇನ್ನೂ ಬೇಯಿಸುತ್ತಲೇ ಇರುತ್ತದೆ. ಕೈಯಾಡಿಸುವುದನ್ನು ಬಿಟ್ಟರೆ ತಳ ಹತ್ತುತ್ತದೆ. ಔಷಧ, ಬಣ್ಣ, ಕೀಟನಾಶಕ ತಯಾರಿಸುವ ಅನೇಕ ಕಾರ್ಖಾನೆಗಳ ರೀತಿಯೂ ಇದೇ. ಅಲ್ಲಿ ಸರಕು ಎಡೆಬಿಡದೆ ಹರಿದು ಬರುವುದಿಲ್ಲ. ಒಂದೊಂದು ಪಾಕವಾಗಿ ಇಳಿಯುತ್ತದೆ. ಇದಕ್ಕೆ ‘ಬ್ಯಾಚ್’ ವಿಧಾನವೆಂದು ಹೆಸರು. ತುಂಬು, ಕಾಯಿಸು, ಕಲಕು, ತಣಿಸು, ಇಳಿಸು ಎಂಬ ಕ್ರಮವನ್ನು ಇಂದು ಹಲವೆಡೆ ಕಂಪ್ಯೂಟರ್ ನಡೆಸುತ್ತದೆ. ಈ ಕ್ರಮವನ್ನು ಬರೆದಿಡುವುದು ಸುಲಭ. ನಡುವೆ ನಿಲ್ಲಿಸಬೇಕಾಗಿ ಬಂದರೆ ಏನು ಮಾಡಬೇಕೆಂದು ಬರೆದಿಡುವುದೇ ಕಷ್ಟ.

ಅದು ಎಷ್ಟು ಮುಖ್ಯವೆಂಬುದು ಇಟಲಿಯ ಸೆವೆಸೊ ಪಟ್ಟಣದ ದುರಂತದಿಂದ ತಿಳಿಯುತ್ತದೆ. ಮಿಲಾನ್ ನಗರದ ಉತ್ತರಕ್ಕೆ, ಸೆವೆಸೊ ಪಕ್ಕದ ಮೇಡಾದಲ್ಲಿದ್ದ ಇಕ್ಮೆಸಾ ಕಾರ್ಖಾನೆಯಲ್ಲಿ ಟ್ರೈಕ್ಲೋರೋಫಿನಾಲ್ ಎಂಬ ರಾಸಾಯನಿಕ ತಯಾರಾಗುತ್ತಿತ್ತು. 1976ರ ಜುಲೈ 10, ಶನಿವಾರ. ವಾರಾಂತ್ಯಕ್ಕೆ ಕೆಲಸ ನಿಲ್ಲಿಸಬೇಕಾಗಿದ್ದರಿಂದ ಬೆಳಗಿನ ಜಾವ ಪಾಕವನ್ನು ಅರ್ಧಕ್ಕೇ ಬಿಟ್ಟರು. ಉಗಿ ನಿಂತಿತು, ಕಲಕುವ ಯಂತ್ರವೂ ನಿಂತಿತು. ನೀರು ಸೇರಿಸಿ ತಣಿಸುವ ಹಂತ ನಡೆಯಲೇ ಇಲ್ಲ. ಪಾತ್ರೆಯ ಗೋಡೆ ಒಳಗಿನ ದ್ರವಕ್ಕಿಂತ ಹೆಚ್ಚು ಬಿಸಿಯಾಗಿತ್ತು. ಕಲಕದೆ ಬಿಟ್ಟಾಗ ಆ ಶಾಖ ದ್ರವದ ಮೇಲ್ಪದರದಲ್ಲೇ ಸೇರಿ, ಹತೋಟಿ ಮೀರಿದ ರಾಸಾಯನಿಕ ಕ್ರಿಯೆ ಶುರುವಾಯಿತೆಂದು ಅನಂತರದ ಅಧ್ಯಯನಗಳು ವಿವರಿಸಿವೆ. ಮಧ್ಯಾಹ್ನ 12.37ಕ್ಕೆ ಒತ್ತಡಕ್ಕೆ ರಕ್ಷಣಾ ಬಿಲ್ಲೆ ಒಡೆದು, ಡಯಾಕ್ಸಿನ್ ಎಂಬ ವಿಷ ಬೆರೆತ ಮೋಡ ಊರ ಮೇಲೆ ಹರಡಿತು. ಕೋಳಿ, ಮೊಲಗಳು ಸತ್ತವು. ಮಕ್ಕಳ ಮೈಮೇಲೆ ಗುಳ್ಳೆಗಳೆದ್ದವು. 700ಕ್ಕೂ ಹೆಚ್ಚು ಜನ ಮನೆ ತೊರೆಯಬೇಕಾಯಿತು. ಐರೋಪ್ಯ ಸಮುದಾಯವು 1982ರಲ್ಲಿ ಹೊರಡಿಸಿದ ಸುರಕ್ಷತಾ ನಿರ್ದೇಶನಕ್ಕೆ ಈ ಊರಿನ ಹೆಸರೇ ರೂಢಿಯಾಯಿತು.

ಬ್ಯಾಚ್ ನಿಯಂತ್ರಣಕ್ಕೆಂದೇ 1995ರಲ್ಲಿ ಅಮೆರಿಕದಲ್ಲಿ ಎಸ್-88 ಎಂಬ ಮಾನದಂಡ ಬಂದಿತು. ಪಾಕವಿಧಾನವನ್ನು ಬೇರೆ, ಪಾತ್ರೆ-ಪಂಪುಗಳ ನಿಯಂತ್ರಣವನ್ನು ಬೇರೆ ಇಡಬೇಕೆಂಬುದು ಅದರ ಮುಖ್ಯ ಸೂತ್ರ. ಹೀಗಾದರೆ ಹೊಸ ಸರಕಿಗಾಗಿ ವಿಧಾನ ಬದಲಿಸುವವರು ಕವಾಟ ತೆರೆಯುವ ಪ್ರೋಗ್ರಾಂ ಮುಟ್ಟಬೇಕಾಗಿಲ್ಲ. ಇನ್ನೊಂದು ಅಂಶವೂ ಅಷ್ಟೇ ದೊಡ್ಡದು. ಒಂದು ಹಂತ ‘ನಡೆಯುತ್ತಿದೆ’ ಅಥವಾ ‘ಮುಗಿದಿದೆ’ ಎಂದರೆ ಸಾಲದು; ‘ತಡೆಹಿಡಿದಿದೆ’, ‘ಕೈಬಿಡಲಾಗಿದೆ’ ಎಂಬ ಸ್ಥಿತಿಗಳಿಗೂ ಅದರಲ್ಲಿ ಜಾಗವಿದೆ.

ಆ ಸ್ಥಿತಿಗಳಲ್ಲಿ ಏನಾಗಬೇಕೆಂದು ತೀರ್ಮಾನಿಸುವವನು ಮಾತ್ರ ವಿನ್ಯಾಸಕಾರನೇ. ತಡೆಯುವುದೆಂದರೆ ಎಲ್ಲ ಸ್ವಿಚ್ಚುಗಳನ್ನೂ ಆರಿಸುವುದಲ್ಲ. ಉಗಿ ನಿಲ್ಲಬೇಕಾದಲ್ಲಿ ಕಲಕುವುದು ನಿಲ್ಲಬಾರದು. ತಣ್ಣೀರು ಇನ್ನೂ ಹರಿಯುತ್ತಿರಬೇಕಾಗಬಹುದು. ಯಾವ ಹಂತದಲ್ಲಿ ನಿಲ್ಲಬಹುದು, ಯಾವುದನ್ನು ಮುಗಿಸಿಯೇ ತೀರಬೇಕು ಎಂಬುದೂ ಮೊದಲೇ ಗೊತ್ತಿರಬೇಕು. ಕಂಪ್ಯೂಟರ್ ಹೇಳಿದಷ್ಟನ್ನೇ ಮಾಡುತ್ತದೆ. ಶನಿವಾರ ಕೆಲಸಗಾರರು ಮನೆಗೆ ಹೊರಟ ಮೇಲೆ ಪಾತ್ರೆಯೊಳಗೆ ಏನಾಗುತ್ತದೆಂದು ಅದಕ್ಕೆ ಮುಂಚೆಯೇ ಯಾರಾದರೂ ಕೂತು ಯೋಚಿಸಿರಬೇಕು.